ನಾಳಿನ ನೆನಪಿನಲ್ಲಿ ಇಂದು: ಜನಪದ ಸ್ಮೃತಿಯ ಹಿನ್ನೆಲೆಯಲ್ಲಿ ವರ್ತಮಾನದ ಒಂದು ಪರಿಶೀಲನೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ಕರ್ನಾಟಕದ ಚರಿತ್ರಕಾರರಿಗೆಲ್ಲ ಪರಿಚಿತವಾದುದು. ಕ್ರಿ.ಶ. 949-50ರ ಈ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ನಡೆಸಿದ ಯುದ್ಧದ ಪ್ರಸ್ತಾಪವಿದೆ. ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂಬ ಹೇಳಿಕೆಯೂ ಇದೆ. ದಕ್ಷಿಣ ಭಾರತದ ಹತ್ತನೆಯ ಶತಮಾನದ ಕಾಲಾನುಕ್ರಮವನ್ನು ಕಟ್ಟುವಾಗ ಈ ಸಾಲುಗಳು ಮುಖ್ಯ ಆಧಾರಗಳಾಗಿವೆ. ಆದರೆ ಆತಕೂರಿನವರು ಆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಬೂತುಗನು ಮಣಲೇರನಿಗೆ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ.

ಈ ಕಡೆಯ ಮಾತನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಒಂದು ಕುತೂಹಲವೆಂಬಂತೆ ಉಲ್ಲೇಖಿಸಿ ಮುಂದೆ ಸಾಗುತ್ತವೆ. ಜಾನಪದದ ದೃಷ್ಟಿಯಿಂದ ಶಾಸನದ ತಿರುಳು ಇರುವುದೇ ಅಲ್ಲಿ. ಕಲ್ಲನ್ನು ನಿಲ್ಲಿಸಿದವರಿಗೆ ಕಲ್ಲಿನ ಮೇಲೆ ನಂಬಿಕೆಯಿರಲಿಲ್ಲ. ಬರೆದುದು ಉಳಿದರೂ ನೆನಪು ಉಳಿಯಬೇಕಿಲ್ಲವೆಂದು ಅರಿತೇ ಅವರು ಒಬ್ಬನ ಪ್ರತಿದಿನದ ಊಟಕ್ಕೆ ಆ ನೆನಪನ್ನು ಕಟ್ಟಿದರು. ಒಂದು ಕಾಲ ಮತ್ತೊಂದು ಕಾಲದ ನೆನಪಿನಲ್ಲಿ ಉಳಿಯುವ ಬಗೆಯನ್ನು ಕುರಿತು ಯೋಚಿಸುವವರಿಗೆ ಈ ಏರ್ಪಾಡು ಒಳ್ಳೆಯ ಆರಂಭಬಿಂದು. ಕಾಳಿಯನ್ನು ನೆನೆಯಲೆಂದು ಮಾಡಿದ ವ್ಯವಸ್ಥೆಯಲ್ಲಿ ತಕ್ಕೋಲದ ಯುದ್ಧವೂ ಉಳಿದುಬಂದಿತೆಂಬುದನ್ನು ಸಹ ಮರೆಯಬಾರದು. ಮುಂದಿನವರು ತಮಗೆ ಬೇಕಾದುದನ್ನು ಓದಿಕೊಳ್ಳುತ್ತಾರೆ. ನಿಲ್ಲಿಸಿದವರ ಉದ್ದೇಶ ಅವರನ್ನು ಕಟ್ಟಿಹಾಕುವುದಿಲ್ಲ.

ಕನ್ನಡ ನಾಡಿನಲ್ಲಿ ಭವಿಷ್ಯವನ್ನು ಕುರಿತ ಮಾತಿಗೆ ಕೊರತೆಯಿಲ್ಲ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನ ವಚನಗಳಿವೆ. ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವಿದೆ. ಇವೆಲ್ಲ ಮುಂದೆ ಏನಾಗುವುದೆಂದು ಹೇಳುತ್ತವೆಯೇ ಹೊರತು, ಮುಂದಿನವರು ಇಂದಿನವರನ್ನು ಹೇಗೆ ನೆನೆಯುವರೆಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹಿಂದಿನಿಂದಲೇ ಹುಡುಕಬೇಕಾಗಿದೆ. ಈ ನಾಡಿನ ಜನ ತಮ್ಮ ಹಿಂದಿನ ಒಂದೂವರೆ ಶತಮಾನದಲ್ಲಿ ಏನನ್ನು ನೆನಪಿಟ್ಟರು, ಏನನ್ನು ಕೈಬಿಟ್ಟರು ಎಂಬುದನ್ನು ಗಮನಿಸಿದರೆ, ವರ್ತಮಾನದ ಪಾಡು ಏನಾದೀತೆಂದು ಸ್ವಲ್ಪಮಟ್ಟಿಗೆ ಊಹಿಸಬಹುದು.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಮೊದಲು ನೋಡಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದುದು 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳ ಸಹಜ ಬೆಳವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಸುಮಾರು 8 ಲಕ್ಷ 70 ಸಾವಿರ ಜನರ ಕೊರತೆ. ಈ ಅಂಕಿಗಳು ಗ್ಯಾಸೆಟಿಯರುಗಳಲ್ಲಿವೆ; ವಿಲಿಯಂ ಡಿಗ್ಬಿ 1878ರಲ್ಲಿಯೇ ಪ್ರಕಟಿಸಿದ ದೊಡ್ಡ ಗ್ರಂಥವಿದೆ; 1880ರ ಕ್ಷಾಮ ಆಯೋಗದ ವರದಿಯಿದೆ. ಜನರ ಬಾಯಲ್ಲಿ ಇದಾವುದೂ ಉಳಿಯಲಿಲ್ಲ. ಉಳಿದದ್ದು ‘ಧಾತು ಈಶ್ವರ’ ಎಂಬ ಜೋಡಿ ಹೆಸರು. ಬರ ಬಿದ್ದ ಎರಡು ಸಂವತ್ಸರಗಳ ಹೆಸರುಗಳೇ ಬರದ ಹೆಸರಾದವು. ಅದಕ್ಕೂ ಮುಂಚಿನ, 1791-92ರ ಕ್ಷಾಮವನ್ನು ಉತ್ತರ ಕರ್ನಾಟಕದಲ್ಲಿ ‘ಡೋಗಿ ಬರ’ ಎಂದರು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರದು. ಒಂದು ಹೆಸರು ಪಂಚಾಂಗದಿಂದ ಬಂದಿದೆ, ಇನ್ನೊಂದು ಕಣ್ಣಿಗೆ ಬಿದ್ದ ನೋಟದಿಂದ.

ಸಂವತ್ಸರದ ಹೆಸರಿಗೆ ಒಂದು ಗುಣವಿದೆ, ಒಂದು ದೋಷವೂ ಇದೆ. ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1936ರಲ್ಲಿ ಧಾತು ಮತ್ತೆ ಬಂದಾಗ ಹಳೆಯ ಧಾತುವನ್ನು ಬಲ್ಲ ಹಿರಿಯರು ಇನ್ನೂ ಇದ್ದರು. ಯುಗಾದಿಯ ಪಂಚಾಂಗ ಶ್ರವಣವೇ ಅವರಿಗೆ ನೆನೆಯುವ ಸಂದರ್ಭವಾಗಬಲ್ಲದಾಗಿತ್ತು. 1996ರಲ್ಲಿ ಮೂರನೆಯ ಧಾತು ಬರುವ ಹೊತ್ತಿಗೆ ಮೊದಲನೆಯದನ್ನು ಕಂಡವರೂ ಇರಲಿಲ್ಲ, ಹೆಸರು ಹಿಡಿದು ವರ್ಷವನ್ನು ಎಣಿಸುವ ರೂಢಿಯೂ ಸಡಿಲವಾಗಿತ್ತು. ಇತ್ತ ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ಆರಂಭವಾದದ್ದು ಅದೇ ಬರದ ಪರಿಹಾರ ಕಾಮಗಾರಿಯಾಗಿ. ಹಸಿದವರು ಮಣ್ಣು ಹೊತ್ತ ಆ ದಾರಿ ಇಂದಿಗೂ ಪ್ರತಿದಿನ ಸಾವಿರಾರು ಜನರ ಬಳಕೆಯಲ್ಲಿದೆ. ಅದರ ಮೇಲೆ ಪ್ರಯಾಣಿಸುವವರಿಗೆ ಆ ಬರ ನೆನಪಾಗಲು ಕಾರಣವೇ ಇಲ್ಲ. ಬಳಕೆಯಲ್ಲಿರುವುದೆಲ್ಲವೂ ಸ್ಮಾರಕವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉದ್ದನೆಯ ನಿದರ್ಶನ ಈ ನಾಡಿನಲ್ಲಿ ದೊರೆಯುವುದು ಕಷ್ಟ.

ಸ್ಮೃತಿಯ ಆಯ್ಕೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಎರಡು ರೋಗಗಳ ಹೋಲಿಕೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಮುಂದಿನ ಸುಮಾರು ಮೂರು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ಬಲಿಯಾದರು. 1918ರ ಇನ್‌ಫ್ಲುಯೆಂಜಾ ಅದಕ್ಕಿಂತ ಕಡಿಮೆಯದೇನಲ್ಲ. ಪ್ಲೇಗು ದಶಕಗಳಲ್ಲಿ ಕೊಂದಷ್ಟು ಜನರನ್ನು ಅದು ಕೆಲವೇ ತಿಂಗಳುಗಳಲ್ಲಿ ಕೊಂದಿತು. ಆದರೂ ಕರ್ನಾಟಕದ ಹಳ್ಳಿಗಳಲ್ಲಿ ಪ್ಲೇಗಮ್ಮನಿದ್ದಾಳೆ, ಪ್ಲೇಗಿನ ಮಾರಮ್ಮನಿದ್ದಾಳೆ. ‘ಇಲಿ ಬಿತ್ತು’ ಎಂಬ ಎರಡೇ ಮಾತು ಒಂದು ತಲೆಮಾರಿಗೆ ಇಡೀ ಕಥೆಯನ್ನು ಹೇಳುತ್ತಿತ್ತು. ಇನ್‌ಫ್ಲುಯೆಂಜಾಕ್ಕೆ ದೊರೆತ ಗುಡಿ ಅಪರೂಪ. ಜನಬಳಕೆಯಲ್ಲಿ ಸರಿಯಾದ ಕನ್ನಡದ ಹೆಸರೂ ಅದಕ್ಕೆ ನಿಲ್ಲಲಿಲ್ಲ.

ಕಾರಣವನ್ನು ಸಾವಿನ ಸಂಖ್ಯೆಯಲ್ಲಿ ಹುಡುಕಿದರೆ ಸಿಗದು. ಪ್ಲೇಗಿಗೆ ಮುನ್ಸೂಚನೆಯಿತ್ತು: ಮನೆಯ ಮಾಡಿನಿಂದ ಇಲಿ ಸತ್ತು ಬೀಳುತ್ತಿತ್ತು. ಮುನ್ಸೂಚನೆಯ ಬೆನ್ನಿಗೆ ಮಾಡಬೇಕಾದ ಕೆಲಸವಿತ್ತು: ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ, ತೋಪುಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಅಲ್ಲಿಯೇ ಅಡುಗೆ, ಅಲ್ಲಿಯೇ ಬಾಣಂತನ, ಕೆಲವೊಮ್ಮೆ ಅಲ್ಲಿಯೇ ಮದುವೆ. ರೋಗ ಇಳಿದ ಮೇಲೆ ಊರನ್ನು ಮತ್ತೆ ಹೊಗುವ ಸಂದರ್ಭವಿತ್ತು. ಇದು ಒಂದು ಬಾರಿ ನಡೆದು ಮುಗಿಯದೆ ವರ್ಷವರ್ಷವೂ ಮರಳಿತು. ಸಿಡುಬಿನ ಅಮ್ಮನ ಆರಾಧನೆಯ ಚೌಕಟ್ಟು ಆಗಲೇ ಸಿದ್ಧವಾಗಿದ್ದುದರಿಂದ ಹೊಸ ರೋಗಕ್ಕೆ ಅದರೊಳಗೆ ಜಾಗ ದೊರೆಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಳ್ಳಲು ಪ್ಲೇಗಿನ ಭಯವೂ ಒಂದು ಕಾರಣವಾದ್ದರಿಂದ ನಗರದ ನಕ್ಷೆಯಲ್ಲಿಯೂ ಅದರ ಗುರುತು ಬಿದ್ದಿತು. ಇನ್‌ಫ್ಲುಯೆಂಜಾ ಬಂದಿತು, ಮನೆಮನೆಯಲ್ಲಿ ಹಾಸಿಗೆ ಹಿಡಿಸಿತು, ಹೋಯಿತು. ಎಲ್ಲರೂ ಒಟ್ಟಾಗಿ ಮಾಡಿದ ಕ್ರಿಯೆಯೊಂದು ಅದರ ಸುತ್ತ ಬೆಳೆಯುವಷ್ಟು ಅವಕಾಶವನ್ನೇ ಅದು ಕೊಡಲಿಲ್ಲ. ಇನ್ನು ಸಿಡುಬು 1980ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ಮಾರಮ್ಮನ ಹಬ್ಬ ಮಾತ್ರ ನಿಂತಿಲ್ಲ. ರೋಗಕ್ಕಿಂತ ಆಚರಣೆಗೆ ಆಯುಷ್ಯ ಹೆಚ್ಚು.

ಮೌಖಿಕ ಪರಂಪರೆಯನ್ನು ಅಭ್ಯಸಿಸಿದ ಯಾನ್ ವಾನ್ಸಿನಾ 1985ರ ತನ್ನ ಗ್ರಂಥದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದಾನೆ. ಸಮುದಾಯಗಳಿಗೆ ತೀರ ಹತ್ತಿರದ ಕಾಲ ವಿವರವಾಗಿ ಗೊತ್ತಿರುತ್ತದೆ, ಮೂಲದ ಕಾಲವೂ ವಿವರವಾಗಿಯೇ ಗೊತ್ತಿರುತ್ತದೆ. ಇವೆರಡರ ನಡುವೆ ಒಂದು ಬರಿದು ಇರುತ್ತದೆ. ತಲೆಮಾರುಗಳು ಉರುಳಿದಂತೆ ಆ ಬರಿದೂ ಮುಂದೆ ಸರಿಯುತ್ತದೆ. ಕನ್ನಡದ ಮನೆಗಳಲ್ಲಿ ಇದನ್ನು ತಿಳಿಯಲು ಗ್ರಂಥವೇ ಬೇಕಿಲ್ಲ. ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ತಂದೆ, ಅಜ್ಜ, ಮುತ್ತಜ್ಜರನ್ನು. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರ ಹಬ್ಬ ಮಾಡಿ ಎಡೆಯಿಡುವ ಮನೆಗಳಲ್ಲಿ, ಅದರಾಚೆಗಿನವರೆಲ್ಲರೂ ‘ಹಿರಿಯರು’ ಎಂಬ ಒಂದೇ ಮಾತಿನಲ್ಲಿ ಸೇರಿಹೋಗುತ್ತಾರೆ. ಈ ಲೆಕ್ಕದಲ್ಲಿ ಇಂದು ಬದುಕಿರುವವರಿಗೆ ಹೆಚ್ಚೆಂದರೆ ಮೂರು ತಲೆಮಾರುಗಳವರೆಗೆ ಹೆಸರಿದೆ. ಅನಂತರ ಅವರೂ ಹಿರಿಯರೇ.

ಬರಿದನ್ನು ದಾಟಿ ಉಳಿಯುವುದರಲ್ಲಿ ಹೆಸರಿನ ಪಾತ್ರ ದೊಡ್ಡದು. ಆ ಹೆಸರನ್ನು ಅಧಿಕಾರ ನಿರ್ಧರಿಸುವುದಿಲ್ಲ. 1911ರಲ್ಲಿ ಕಟ್ಟಲು ತೊಡಗಿದ ಕಾವೇರಿಯ ಅಣೆಕಟ್ಟಿಗೆ ಕೃಷ್ಣರಾಜಸಾಗರವೆಂದು ಹೆಸರಾಯಿತು. ಮಂಡ್ಯ, ಮೈಸೂರು ಸೀಮೆಯ ರೈತರಿಗೆ ಅದು ಕನ್ನಂಬಾಡಿ ಕಟ್ಟೆ. ಕನ್ನಂಬಾಡಿ ಆ ನೀರಿನಲ್ಲಿ ಮುಳುಗಿದ ಊರು. ಮುಳುಗಿಸಿದ ಕಟ್ಟೆ ಮುಳುಗಿದ ಊರಿನ ಹೆಸರನ್ನೇ ಹೊತ್ತು ನಿಂತಿದೆ. ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುತ್ತಿದ್ದ ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ. ಶರಾವತಿಯ ಕಣಿವೆಯಲ್ಲಿ ಇನ್ನೊಂದು ಬಗೆಯ ಪಾಠವಿದೆ. 1948ರ ಹಿರೇಭಾಸ್ಕರ ಅಣೆಕಟ್ಟು 1964ರ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ಬತ್ತಿದ ವರ್ಷಗಳಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಒಂದು ಕಾಲದ ಪ್ರಗತಿಯನ್ನು ಮುಂದಿನ ಪ್ರಗತಿ ಹದಿನಾರೇ ವರ್ಷಗಳಲ್ಲಿ ನುಂಗಿತು. ಅಲ್ಲಿನವರ ಬಾಯಲ್ಲಿ ಉಳಿದ ಪದ ‘ಮುಳುಗಡೆ’. ನಾ. ಡಿಸೋಜರ ಕಾದಂಬರಿಯ ಹೆಸರೂ ಅದೇ. ಬೆಳಕು ಪಡೆದ ಊರುಗಳವರಲ್ಲಿ ಅದಕ್ಕೆ ಸಾಟಿಯಾದ ಪದವೊಂದು ಹುಟ್ಟಿದಂತೆ ಕಾಣುವುದಿಲ್ಲ. ಕಳೆದುಕೊಂಡವರು ಪದವನ್ನು ಕಾಪಾಡಿಕೊಳ್ಳುತ್ತಾರೆ, ಪಡೆದವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಈ ಅಳತೆಗೋಲುಗಳನ್ನು ಹಿಡಿದು ವರ್ತಮಾನದ ಕಡೆಗೆ ತಿರುಗಿದರೆ ಮೊದಲು ಎದುರಾಗುವುದು 2020-21ರ ಕೊರೊನಾ. ಇದರ ದಾಖಲೆ ಧಾತು ಈಶ್ವರಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ಎಣಿಕೆಯ ವಿಷಯದಲ್ಲಿ ಈ ಕಾಲ ಆ ಕಾಲಕ್ಕಿಂತ ಹಿಂದೆ ಬಿದ್ದಿದೆಯೆಂದರೆ ಆಶ್ಚರ್ಯವಾದೀತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆ ಎರಡು ವರ್ಷಗಳ ಹೆಚ್ಚುವರಿ ಸಾವುಗಳನ್ನು ಭಾರತದ ಮಟ್ಟಿಗೆ ಸುಮಾರು 47 ಲಕ್ಷವೆಂದು ಅಂದಾಜಿಸಿತು. ಅಧಿಕೃತ ಲೆಕ್ಕ 5 ಲಕ್ಷವನ್ನು ಮುಟ್ಟಿರಲಿಲ್ಲ. ಭಾರತ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. 1876ರ ಬರದ ಅಳತೆ ಸಿಕ್ಕಿದ್ದು ಅದರ ಆಚೀಚೆ ಎರಡು ಗಣತಿಗಳು ನಡೆದಿದ್ದರಿಂದ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಬಂದ ಆ ಗಣತಿ 2021ರಲ್ಲಿ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಪಡಿಸಲಾಗಿದೆ. ಆದ್ದರಿಂದ ನಾಳಿನ ಚರಿತ್ರಕಾರ ಈ ರೋಗವನ್ನು ಅಳೆಯಲು ಹದಿನಾರು ವರ್ಷಗಳ ಅಂತರದಲ್ಲಿ ತಡಕಾಡಬೇಕಾಗುತ್ತದೆ.

ಜನರ ಬಾಯಲ್ಲಿ ಏನಾಗುತ್ತಿದೆ? ವರ್ಷ ಎಣಿಸಲು ಒಂದು ಗುರುತು ಆಗಲೇ ದೊರೆತಿದೆ. ಮಗು ಹುಟ್ಟಿದ್ದು ‘ಕೊರೊನಾ ಟೈಮಿನಲ್ಲಿ’. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯಿಲ್ಲದೆ ತೇರ್ಗಡೆಯಾದವರು ‘ಕೊರೊನಾ ಬ್ಯಾಚಿನವರು’. ಧಾತು ಈಶ್ವರದ ಜಾಗವನ್ನು ಹೀಗೆ ಒಂದು ವೈರಾಣುವಿನ ಹೆಸರು ತುಂಬಿದೆ. ‘ಗುಳೆ’ ಎಂಬ ಹಳೆಯ ಪದಕ್ಕೂ ಹೊಸ ತಿರುವು ಬಂದಿತು. ಮಳೆ ಕೈಕೊಟ್ಟಾಗ ಹಳ್ಳಿ ಬಿಟ್ಟು ಹೋಗುವುದು ಗುಳೆ. 2020ರ ಬೇಸಿಗೆಯಲ್ಲಿ ಬೆಂಗಳೂರಿನ ಕಟ್ಟಡ ಕೆಲಸದಿಂದ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಗೆ ಗಂಟುಮೂಟೆ ಹೊತ್ತು ಹೊರಟವರದು ಮನೆಯ ಕಡೆಗಿನ ಗುಳೆ. ಇದಕ್ಕೆ ಬೇರೊಂದು ಪದ ಹುಟ್ಟಿದರೆ ಅದು ಉಳಿಯುವ ಸೂಚನೆ. ಇದುವರೆಗೆ ಪತ್ರಿಕೆಗಳ ‘ವಲಸೆ ಕಾರ್ಮಿಕರು’ ಎಂಬ ಮಾತೇ ಚಾಲ್ತಿಯಲ್ಲಿದೆ. ಅದು ಅವರು ತಮಗೆ ಇಟ್ಟುಕೊಂಡ ಹೆಸರಲ್ಲ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲೂಕಿನಲ್ಲಿ 2021ರಲ್ಲಿ ‘ಕೊರೊನಾ ಮಾರಮ್ಮ’ನನ್ನು ಪ್ರತಿಷ್ಠಾಪಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಹಲವರು ನಕ್ಕರು. ನಕ್ಕವರು ಪ್ಲೇಗಮ್ಮನ ಚರಿತ್ರೆಯನ್ನು ಗಮನಿಸಿರಲಿಕ್ಕಿಲ್ಲ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯುವುದೂ ತಪ್ಪಾದೀತು. ಪ್ಲೇಗು ಊರನ್ನು ಒಟ್ಟಾಗಿ ಬಯಲಿಗೆ ತಂದಿತ್ತು, ಕೊರೊನಾ ಪ್ರತಿಯೊಬ್ಬರನ್ನೂ ಒಳಗೆ ಕೂರಿಸಿತು. ಜಾತ್ರೆಗಳು ನಿಂತವು, ಸತ್ತವರನ್ನು ಹೊರುವ ಹೆಗಲುಗಳೂ ದೊರೆಯಲಿಲ್ಲ, ಎಷ್ಟೋ ಮನೆಗಳವರು ಮುಖವನ್ನೂ ನೋಡದೆ ಹೆಣವನ್ನು ಕಳಿಸಿಕೊಟ್ಟರು. ಒಟ್ಟಾಗಿ ಮಾಡಿದ ಕ್ರಿಯೆಯಿಲ್ಲದ ಈ ರೋಗ, ಸಾವಿನ ಪ್ರಮಾಣ ಏನೇ ಇರಲಿ, 1918ರ ದಾರಿಯನ್ನೇ ಹಿಡಿಯುವ ಸಂಭವ ಹೆಚ್ಚು. ಕೊಳ್ಳೇಗಾಲದ ಆ ಅಮ್ಮನಿಗೆ ವರ್ಷಕ್ಕೊಮ್ಮೆ ಹಬ್ಬ ನಿಂತರೆ ಮಾತ್ರ ಮಾತು ಬೇರೆ.

ಸಾವಿನ ಸ್ಮರಣೆಯ ಇಂದಿನ ರೂಪ ಯಾವುದೆಂದು ಕೇಳಿದರೆ ಊರಬಾಗಿಲ ಫ್ಲೆಕ್ಸನ್ನು ತೋರಿಸಬೇಕಾಗುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ಕೈಲಾಸ. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಮೇಲೆ ಸತ್ತವರ ಭಾವಚಿತ್ರ, ಕೆಳಗೆ ಸಾಲುಸಾಲಾಗಿ ದುಃಖತಪ್ತರ ಭಾವಚಿತ್ರಗಳು. ಕೆಲವು ಫ್ಲೆಕ್ಸುಗಳಲ್ಲಿ ಸತ್ತವರು ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಂದು ಮಳೆಗಾಲ ಕಳೆದರೆ ಅದು ಕೊಟ್ಟಿಗೆಯ ಮಾಡಿಗೋ ಹುಲ್ಲಿನ ಬಣವೆಗೋ ಹೊದಿಕೆಯಾಗುತ್ತದೆ. ಆದರೂ ಇದನ್ನು ಅಗ್ಗದ್ದೆಂದು ತಳ್ಳಿಹಾಕಲಾಗದು. ವೀರಗಲ್ಲು ಹೆಚ್ಚಾಗಿ ಕಾದಿ ಸತ್ತ ಗಂಡಸರದು. ಫ್ಲೆಕ್ಸಿನಲ್ಲಿ ಕೂಲಿ ಮಾಡಿ ಸತ್ತ ಅಜ್ಜಿಯೂ ಇದ್ದಾಳೆ. ಸ್ಮರಣೆಯ ಹಕ್ಕು ಹಿಗ್ಗಿದೆ, ಅದರ ಆಯುಷ್ಯ ಕುಗ್ಗಿದೆ.

ಹಾಡಿನ ವಿಷಯಕ್ಕೆ ಬಂದಾಗ ಸ್ವತಃ ಜಾನಪದ ಅಧ್ಯಯನವೇ ಉತ್ತರ ಹೇಳಬೇಕಾದ ಸಂಗತಿಯೊಂದಿದೆ. ಬೀಸುಕಲ್ಲಿನ ಹಾಡು ಹಿಟ್ಟಿನ ಗಿರಣಿಯೊಂದಿಗೆ ಹಿಂದೆ ಸರಿಯಿತೆಂಬುದು ಎಲ್ಲರೂ ಹೇಳುವ ಮಾತು. ಆ ಹಾಡು ಬರಿಯ ಹಳೆಯ ಸರಕಾಗಿರಲಿಲ್ಲ. ತವರು, ಮಳೆ, ದೇವರುಗಳ ಜೊತೆಗೆ ರಾಟೆಯೂ ಗಾಂಧಿಯೂ ಅದರೊಳಗೆ ಬಂದರು. ಬೀಸುವವಳು ತನ್ನ ಕಾಲದ ಸುದ್ದಿಯನ್ನು ತನ್ನ ಧಾಟಿಗೆ ತಂದುಕೊಳ್ಳುತ್ತಿದ್ದಳು. ಆದರೆ 1960, 70ರ ದಶಕಗಳಿಂದ ರೀಲು ಯಂತ್ರ, ಕ್ಯಾಸೆಟ್ಟು ಹಿಡಿದು ಹೊರಟ ಸಂಗ್ರಾಹಕರಲ್ಲಿ ಹೆಚ್ಚಿನವರು ಹಾಡುಗಾರರನ್ನು ಕೇಳಿದ್ದು ‘ಹಳೆಯದನ್ನು ಹಾಡಿ’ ಎಂದೇ. ಬಸ್ಸು, ಚುನಾವಣೆ, ಸಿನಿಮಾ ಹಾಡಿನ ಧಾಟಿ ಕಾಣಿಸಿಕೊಂಡ ಕಡೆ ಯಂತ್ರವನ್ನು ನಿಲ್ಲಿಸುವುದು, ಅಚ್ಚಿಗೆ ಕೊಡುವಾಗ ‘ಕಲಬೆರಕೆ’ಯೆಂದು ಬಿಟ್ಟುಬಿಡುವುದು ಶುದ್ಧಪಾಠದ ಹೆಸರಿನಲ್ಲಿ ರೂಢಿಯಾಯಿತು. ಎಷ್ಟೋ ಸಂಕಲನಗಳಲ್ಲಿ ಹಾಡಿದವರ ಹೆಸರೂ ಇಲ್ಲ, ಹಾಡಿದ ದಿನವೂ ಇಲ್ಲ. ಹಾಗಾಗಿ ಜನಪದರು ತಮ್ಮ ವರ್ತಮಾನವನ್ನು ಕುರಿತು ಹಾಡಿದ್ದೇ ಇಲ್ಲವೆಂಬ ಭ್ರಮೆಯನ್ನು ಈ ಸಂಗ್ರಹಗಳು ಮುಂದಿನವರಿಗೆ ದಾಟಿಸುತ್ತಿವೆ.

ಜೆ.ಎಫ್. ಫ್ಲೀಟನ ಉದಾಹರಣೆ ಇಲ್ಲಿ ಮುಜುಗರವನ್ನು ಉಂಟುಮಾಡುವಂಥದು. ವಸಾಹತು ಆಡಳಿತದ ಅಧಿಕಾರಿಯಾಗಿದ್ದ ಅವನು 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಹಲಗಲಿಯ ಬೇಡರು ಶಸ್ತ್ರ ಒಪ್ಪಿಸಲೊಲ್ಲದೆ ದಂಗೆಯೆದ್ದದ್ದು 1857ರಲ್ಲಿ. ಅವುಗಳ ಜೊತೆಗೆ ಆದಾಯ ತೆರಿಗೆಯನ್ನು ಹೇರಿದ್ದನ್ನು ಕುರಿತ ಲಾವಣಿಯೂ ಅವನ ಸಂಗ್ರಹದಲ್ಲಿದೆ. ಭಾರತದಲ್ಲಿ ಆ ತೆರಿಗೆ ಮೊದಲು ಬಂದದ್ದು 1860ರಲ್ಲಿ. ಅಂದರೆ ಕಾಲು ಶತಮಾನದಷ್ಟು ಹತ್ತಿರದ, ಪುರಾಣದ ಸೋಂಕೇ ಇಲ್ಲದ, ಶುದ್ಧ ಲೌಕಿಕ ಕಿರಿಕಿರಿಯೊಂದರ ಹಾಡನ್ನು ಅವನು ಬದಿಗಿಡಲಿಲ್ಲ. ರಾಯಣ್ಣನ ನೆನಪಿಗೆ ಅವನ ಪುಟಗಳ ಹಂಗಿಲ್ಲ. ನಂದಗಡದ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಆ ತೊಟ್ಟಿಲುಗಳು ಆತಕೂರಿನ ಗೊರವನ ಕೆಲಸವನ್ನೇ ಮಾಡುತ್ತಿವೆ. ತೆರಿಗೆಯ ಹಾಡಿಗೆ ಅಂಥ ಮರವಿರಲಿಲ್ಲ. ಅದಕ್ಕೆ ಅಚ್ಚಿನ ಪುಟವೇ ಬೇಕಾಗಿತ್ತು.

2020ರಲ್ಲಿ ಕೊರೊನಾ ಕುರಿತು ಲಾವಣಿ, ಗೀಗೀಪದ, ತತ್ತ್ವಪದಗಳ ಧಾಟಿಯಲ್ಲಿ ಹುಟ್ಟಿದ ಹಾಡುಗಳು ಈ ತೆರಿಗೆಯ ಹಾಡಿನ ಸ್ಥಿತಿಯಲ್ಲಿವೆ. ಅವುಗಳಲ್ಲಿ ಅನೇಕವು ಕೈ ತೊಳೆಯಿರಿ, ಮಾಸ್ಕು ಹಾಕಿರಿ ಎಂಬ ಪ್ರಚಾರದ ಪದ್ಯಗಳು. ಅವುಗಳ ಕಾವ್ಯಗುಣ ಸಾಧಾರಣವೆಂಬುದನ್ನು ಒಪ್ಪಬೇಕು. ಕೆಲವದರಲ್ಲಿ ಮಾತ್ರ ಮುಚ್ಚಿದ ಸಂತೆಯಿದೆ, ನಿಂತ ಬಸ್ಸಿದೆ, ಊರಿಗೆ ಮರಳಿದವರನ್ನು ಊರವರೇ ಗಡಿಯಲ್ಲಿ ತಡೆದ ಬೇಗುದಿಯಿದೆ. ಹೆಚ್ಚಿನವು ಮೊಬೈಲಿನಲ್ಲಿ ಚಿತ್ರಿತವಾಗಿ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ, ಹಾಡಿದವರ ಹೆಸರು ಕಳಚಿಕೊಂಡು ಉಳಿದಿವೆ. ಹಳೆಯ ಕ್ಯಾಸೆಟ್ಟುಗಳಿಗೆ ಬಂದ ಗತಿ ಇವುಗಳ ಮುಂದೆಯೇ ಇದೆ. ಕಾಂತಪಟ್ಟಿಯ ಧ್ವನಿಮುದ್ರಣಗಳನ್ನು ಓದಬಲ್ಲ ಯಂತ್ರಗಳು ಕಣ್ಮರೆಯಾಗುವ ಮುನ್ನ, 2025ರ ಸುಮಾರಿಗೆ, ಅವನ್ನು ಬೇರೆ ಮಾಧ್ಯಮಕ್ಕೆ ದಾಟಿಸದಿದ್ದರೆ ಬಹುಪಾಲು ಕೈತಪ್ಪುವುದೆಂದು ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಎಚ್ಚರಿಸಿದ್ದವು. ಆ ಗಡುವು ಬಂದಾಗಿದೆ. ಕ್ಯಾಸೆಟ್ಟಿಗೆ ಹೊರಮೈಯಲ್ಲಿ ಊರಿನ ಹೆಸರು ಬರೆದ ಚೀಟಿಯಾದರೂ ಇರುತ್ತಿತ್ತು. ಮೊಬೈಲಿನ ಹಾಡಿಗೆ ಅದೂ ಇಲ್ಲ. ಹಾಡಿದವರು ಇನ್ನೂ ಬದುಕಿದ್ದಾರೆ, ಅವರ ಊರುಗಳಿಗೆ ಬಸ್ಸೂ ಇದೆ.